ನಾಣ್ಯದಿಂದ ತಿರುಗುವ ಸ್ಕ್ರೂ: ಎಲ್ಲಿರುತ್ತದೆ, ಹೇಗೆ ತೆರೆಯಬೇಕು, ಎಲ್ಲಿ ಮುಟ್ಟಬಾರದು

ತೂಕದ ಯಂತ್ರದ ಸೆಲ್ ಮುಗಿದಿದೆ, ಮುಚ್ಚಳ ಬರುತ್ತಿಲ್ಲ, ಯಾವ ಸ್ಕ್ರೂಡ್ರೈವರ್ ತರಬೇಕು? ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ತುದಿಯ ಜಾಲರಿ ಬಿಚ್ಚುವುದು ಹೇಗೆ? ವಾಷಿಂಗ್ ಮೆಷಿನ್ನಿನ ಕೆಳಗಿನ ಪುಟ್ಟ ಬಾಗಿಲು ತೆರೆಯುತ್ತಿಲ್ಲ, ಸರ್ವಿಸ್‌ನವರನ್ನು ಕರೆಸಬೇಕೇ? ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ವಸ್ತು ಬೇರೆ ಬೇರೆಯಾದರೂ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಒಂದೇ. ಆ ಮುಚ್ಚಳದ ಮೇಲಿರುವ ಅಗಲವಾದ ಸೀಳು ನಾಣ್ಯಕ್ಕಾಗಿಯೇ ಮಾಡಿದ್ದು. ಮನೆಯವರೇ ತೆರೆಯಲಿ ಎಂದು ತಯಾರಕರು ಬಿಟ್ಟಿರುವ ದಾರಿ ಅದು.

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು. ನಾಣ್ಯಕ್ಕೆಂದು ಮಾಡಿದ ಸ್ಕ್ರೂ ನಾಣ್ಯಕ್ಕೆ ಬಗ್ಗಬೇಕು. ಬಗ್ಗದಿದ್ದರೆ ಕೊರತೆ ನಿಮ್ಮ ಬಲದ್ದಲ್ಲ, ಅಲ್ಲಿ ಬೇರೇನೋ ಅಡ್ಡ ಇದೆ. ಪಕ್ಕಡ್ ಹಿಡಿದು ತಿರುಚುವ ಮೊದಲು ಆ ಕಾರಣ ಹುಡುಕಬೇಕು.

ಗುರುತು ಹಿಡಿಯುವುದು

ಮಾಮೂಲಿ ಸ್ಕ್ರೂವಿನ ಸೀಳು ಕಿರಿದಾಗಿರುತ್ತದೆ, ಅದರ ತಳ ಸಮತಟ್ಟು. ನಾಣ್ಯದ ಸ್ಕ್ರೂವಿನ ಸೀಳು ಅಗಲ. ಬಹಳಷ್ಟರಲ್ಲಿ ತಳವೂ ನಾಣ್ಯದ ಅಂಚಿನ ಹಾಗೆಯೇ ಬಾಗಿರುತ್ತದೆ. ಟಾರ್ಚಿನ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಆ ಬಾಗು ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸ್ಕ್ರೂಡ್ರೈವರ್ ಎಂದರೆ ಕರೆಂಟು ನೋಡುವ ಟೆಸ್ಟರೇ. ಬಾಗಿದ ತಳದ ಸೀಳಿಗೆ ಟೆಸ್ಟರಿನ ಸಣ್ಣ ಅಲಗು ಇಟ್ಟರೆ ಅದು ಅಲ್ಲಾಡುತ್ತದೆ, ಜಾರುತ್ತದೆ, ಪ್ಲಾಸ್ಟಿಕ್ಕಿನ ಅಂಚನ್ನು ಕಿತ್ತುಹಾಕುತ್ತದೆ. ಮುಚ್ಚಳಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ.

ನಾಣ್ಯವನ್ನೇ ಯಾಕೆ ಆರಿಸಿದರು ಎನ್ನುವುದೂ ತಿಳಿದಿರಲಿ. ಬರಿಯ ಬೆರಳಿಗೆ ಮುಚ್ಚಳ ತೆರೆಯಬಾರದು, ಹಾಗೆಂದು ವಿಶೇಷ ಉಪಕರಣವೂ ಬೇಕಾಗಬಾರದು. ಜೊತೆಗೆ, ಪುಟ್ಟ ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು ಹಾಕಬಹುದಾದ ಬಲಕ್ಕೆ ಮಿತಿ ಇದೆ. ಅತಿಯಾಗಿ ಬಿಗಿದು ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಹಾಳುಮಾಡುವ ಸಾಧ್ಯತೆ ಇದರಿಂದ ಕಡಿಮೆಯಾಗುತ್ತದೆ.

ಯಾವ ನಾಣ್ಯ?

ಸೀಳಿಗೆ ತುಂಬಿಕೊಂಡಂತೆ ಕೂರುವ ನಾಣ್ಯ, ಅಷ್ಟೇ. ದಪ್ಪವೂ ಹೊಂದಬೇಕು, ಅಗಲವೂ ಹೊಂದಬೇಕು. 2019ರಲ್ಲಿ ಬಂದ ಸರಣಿಯಲ್ಲಿ ಒಂದು ರೂಪಾಯಿಯ ವ್ಯಾಸ 20 ಮಿ.ಮೀ., ಎರಡರದ್ದು 23, ಐದರದ್ದು 25, ಹತ್ತರದ್ದು 27. ಸೆಲ್ ಮುಚ್ಚಳಗಳಿಗೆ ಒಂದು ಅಥವಾ ಎರಡು ರೂಪಾಯಿ, ನಲ್ಲಿಯ ಜಾಲರಿಗೆ ಐದು ಅಥವಾ ಹತ್ತು ಸಾಮಾನ್ಯವಾಗಿ ಸರಿಹೋಗುತ್ತದೆ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಬಾಗಿದ ತಳಕ್ಕೆ ಅದು ಗುಂಡು ನಾಣ್ಯದಷ್ಟು ಚೆನ್ನಾಗಿ ಕಚ್ಚಿಕೊಳ್ಳುವುದಿಲ್ಲ. ಹಳೆಯ 9 ಗ್ರಾಂ ತೂಕದ ದಪ್ಪ ಐದು ರೂಪಾಯಿ ಹೆಚ್ಚಿನ ಸೀಳುಗಳಿಗೆ ಇಳಿಯುವುದೇ ಇಲ್ಲ.

ಸಣ್ಣ ಸೀಳುಗಳಿಗೆ ನನ್ನ ಆಯ್ಕೆ ಘೇಂಡಾಮೃಗದ ಚಿತ್ರವಿರುವ ಹಳೆಯ ಸ್ಟೀಲಿನ ನಾಲ್ಕಾಣೆ. 2011ರ ಜೂನ್ 30ರ ನಂತರ ಅದು ಚಲಾವಣೆಯಲ್ಲಿಲ್ಲ. ಆದರೆ ಅಜ್ಜಿಯರ ಡಬ್ಬಿಗಳಲ್ಲಿ ಇನ್ನೂ ಸಿಗುತ್ತದೆ. ತೆಳು, ಗಟ್ಟಿ, ಬೆರಳಿಗೆ ಹಿತ.

ಸೀಳಿಗೆ ಹೊಂದಿಸಲು ನಾಣ್ಯವನ್ನು ಅರದಿಂದ ಉಜ್ಜಬೇಡಿ. 2011ರ ನಾಣ್ಯ ಕಾಯ್ದೆಯಂತೆ ನಾಣ್ಯ ನಾಶಮಾಡುವುದು ಅಪರಾಧ. ಅದರ ಬದಲು ನಮ್ಮ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಮಡ್‌ಗಾರ್ಡ್ ವಾಷರ್ ಕೇಳಿ. ನಡುವೆ ತೂತಿರುವ ಅಗಲವಾದ ಲೋಹದ ಬಿಲ್ಲೆ ಅದು. ಬೇರೆ ಬೇರೆ ದಪ್ಪದ ಎರಡು ಮೂರು ಕೊಂಡು ದಾರದಲ್ಲಿ ಪೋಣಿಸಿ ಡ್ರಾಯರ್‌ನಲ್ಲಿಟ್ಟರೆ ಆಯಿತು. ಬೀದಿಬದಿಯ ಎಳನೀರಿಗೂ ಕ್ಯೂಆರ್ ಕೋಡ್ ಹಿಡಿಯುವ ಊರಿದು. ಬೇಕಾದಾಗ ಜೇಬಿನಲ್ಲಿ ಚಿಲ್ಲರೆ ಇರುತ್ತದೆ ಎಂದು ನಂಬಿಕೊಳ್ಳಬೇಡಿ.

ತೆರೆಯುವ ಕ್ರಮ

1. ಮೊದಲು ಸೀಳನ್ನು ಶುಚಿ ಮಾಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು, ಎಣ್ಣೆಜಿಡ್ಡು ತೆಗೆಯಿರಿ. ಅಡುಗೆಮನೆಯ ವಸ್ತುಗಳಲ್ಲಿ ಸೀಳಿನ ತಳದ ಜಿಡ್ಡೇ ನಾಣ್ಯ ಜಾರಲು ಕಾರಣ.

2. ಮುಚ್ಚಳದ ಸುತ್ತ ಗುರುತುಗಳಿವೆಯೇ ನೋಡಿ. ಬೀಗದ ಚಿತ್ರ, ಬಾಣ, ಚುಕ್ಕೆ ಇದ್ದರೆ ಅದು ಕಾಲು ಸುತ್ತಿನ ಮುಚ್ಚಳ. ಪಿನ್ ಬಲ್ಬನ್ನು ಹೋಲ್ಡರಿಗೆ ಒತ್ತಿ ತಿರುಗಿಸುತ್ತೀರಲ್ಲ, ಅದೇ ವ್ಯವಸ್ಥೆ. ಗುರುತು ಏನೂ ಇಲ್ಲದಿದ್ದರೆ ಅದು ಮರೆ ಇರುವ ಮುಚ್ಚಳವಿರಬಹುದು, ಹಲವು ಸುತ್ತು ಬೇಕಾಗುತ್ತದೆ. ಕಾಲು ಸುತ್ತಿನದನ್ನು ಮರೆ ಇರುವ ಮುಚ್ಚಳ ಎಂದುಕೊಂಡು ತಿರುಗಿಸುತ್ತಲೇ ಹೋದರೆ ಒಳಗಿನ ಪುಟ್ಟ ಕೊಕ್ಕೆ ಮುರಿಯುತ್ತದೆ. ಅತಿ ಹೆಚ್ಚು ಜನ ಎಡವುವುದು ಇಲ್ಲಿ.

3. ವಸ್ತುವನ್ನು ಮೇಜಿನ ಮೇಲೆ, ಬಟ್ಟೆ ಹಾಸಿ, ಸಮನಾಗಿ ಇಡಿ. ಕೈಯಲ್ಲಿ ಹಿಡಿದುಕೊಂಡು ತಿರುಗಿಸಬೇಡಿ.

4. ಮೊದಲು ಒತ್ತಿ, ಆಮೇಲೆ ತಿರುಗಿಸಿ. ನಾಣ್ಯ ಸೀಳಿಗೆ ನೇರವಾಗಿ ನಿಂತಿರಬೇಕು. ತೆರೆಯುವುದು ಅಪ್ರದಕ್ಷಿಣೆಯಾಗಿ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಬಿಗಿಯುವುದು ಪ್ರದಕ್ಷಿಣೆಯಾಗಿ. ಬಾಣದ ಗುರುತು ಬೇರೆ ಹೇಳಿದರೆ ಬಾಣವನ್ನೇ ನಂಬಿ.

5. ಮುಚ್ಚಳ ಬಂದ ಕೂಡಲೇ ಒಳಗಿನ ರಬ್ಬರ್ ರಿಂಗ್ ಎಲ್ಲಿದೆ ನೋಡಿಕೊಳ್ಳಿ. ಮಿಸ್ತ್ರಿಗಳು ಓ-ರಿಂಗ್ ಎನ್ನುವುದು ಇದಕ್ಕೇ. ನೀರು, ತೇವ ಒಳಹೋಗದಂತೆ ತಡೆಯುವುದು ಅದರ ಕೆಲಸ. ಅದು ಬಿದ್ದುಹೋದರೆ ಮುಚ್ಚಳ ಸರಿಯಾಗಿ ಕೂತರೂ ಪ್ರಯೋಜನವಿಲ್ಲ. ಒಣಗಿದ್ದರೆ ತೆಳ್ಳಗೆ ಸಿಲಿಕಾನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮ ಊರಿನ ಚಳಿಗಾಲದ ಬೆಳಗುಗಳಲ್ಲಿ ಬಾಟಲಿಯಲ್ಲೇ ಕಾಣುತ್ತೀರಿ.

6. ಮುಚ್ಚುವಾಗ ಮರೆಯ ಮುಚ್ಚಳವನ್ನು ಮೊದಲು ಹಿಂದಕ್ಕೆ, ಅಪ್ರದಕ್ಷಿಣೆಯಾಗಿ, ನಿಧಾನ ತಿರುಗಿಸಿ. ಒಂದು ಕಡೆ ಸಣ್ಣಗೆ ಇಳಿದ ಹಾಗೆ ‘ಟಕ್’ ಎನ್ನುತ್ತದೆ. ಮರೆಯ ಬಾಯಿಗೆ ಬಾಯಿ ಸೇರಿತು ಎಂದರ್ಥ. ಅಲ್ಲಿಂದ ಬೆರಳಲ್ಲೇ ಪ್ರದಕ್ಷಿಣೆಯಾಗಿ ತಿರುಗಿಸಿ, ಕೊನೆಯ ಬಿಗಿಗೆ ಮಾತ್ರ ನಾಣ್ಯ ಬಳಸಿ. ಈ ಒಂದು ಅಭ್ಯಾಸ ಮಾಡಿಕೊಂಡರೆ ಮರೆ ಅಡ್ಡ ಕಚ್ಚಿಕೊಳ್ಳುವ ತೊಂದರೆಯೇ ಬಹುಪಾಲು ಬರುವುದಿಲ್ಲ.

ಮುಚ್ಚಳ ಅಲುಗದಿದ್ದರೆ? ದಿಕ್ಕು ಸರಿಯಿದೆಯೇ ನೋಡಿ. ನೀರಿನ ಸಂಪರ್ಕವಿರುವುದಾದರೆ ಸುಣ್ಣ ಕಟ್ಟಿರುತ್ತದೆ. ಸೆಲ್ ಮುಚ್ಚಳವಾದರೆ ಹಳೆಯ ಸೆಲ್ ಸೋರಿ ಒಳಗೆ ಹಿಟ್ಟು ಹಿಡಿದಿರಬಹುದು. ಸುಣ್ಣಕ್ಕೆ ವಿನಿಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ನಾಣ್ಯ ಜಾರುತ್ತಿದ್ದರೆ ಸೀಳಿನ ಮೇಲೆ ರಬ್ಬರ್ ಬ್ಯಾಂಡ್ ಅಡ್ಡ ಇಟ್ಟು ಅದರ ಮೇಲೆ ನಾಣ್ಯ ಒತ್ತಿ. ಇಷ್ಟಾದರೂ ಬಾರದಿದ್ದರೆ ಬಿಟ್ಟುಬಿಡಿ, ರಿಪೇರಿಯವರಿಗೆ ತೋರಿಸಿ. ಸುತ್ತಿಗೆಯಿಂದ ನಾಣ್ಯಕ್ಕೆ ತಟ್ಟುವುದಂತೂ ಬೇಡವೇ ಬೇಡ.

ಸ್ನಾನಗೃಹದ ಬಾಗಿಲು: ಇದನ್ನು ಇವತ್ತೇ ನೋಡಿ

ನಾಣ್ಯದ ಎಲ್ಲ ಬಳಕೆಗಳಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದು. ಅಪಾರ್ಟ್‌ಮೆಂಟುಗಳ ಸ್ನಾನಗೃಹಗಳಲ್ಲಿ ಈಗ ಹಾಕುವ ಅನೇಕ ಬೀಗಗಳಿಗೆ ಒಳಗಡೆ ತಿರುಗಿಸುವ ಗುಬ್ಬಿ, ಹೊರಗಡೆ ಅದೇ ಜಾಗದಲ್ಲಿ ಒಂದು ಸೀಳು ಇರುತ್ತದೆ. ಒಳಗಿರುವವರು ಬಿದ್ದರೆ, ಮಗು ಚಿಲಕ ಹಾಕಿಕೊಂಡುಬಿಟ್ಟರೆ, ಹೊರಗಿನಿಂದ ನಾಣ್ಯವಿಟ್ಟು ಕಾಲು ಸುತ್ತು ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಎಷ್ಟೋ ಮನೆಯವರಿಗೆ ಆ ಸೀಳು ಅಲ್ಲಿದೆ ಎಂಬುದೇ ತಿಳಿದಿರುವುದಿಲ್ಲ. ಗಾಬರಿಯಲ್ಲಿ ಬಾಗಿಲು ಒಡೆಯುತ್ತಾರೆ.

1. ಮನೆಯ ಪ್ರತಿ ಒಳಬಾಗಿಲಿನ ಹೊರಗೆ ನಿಂತು ನೋಡಿ: ಸೀಳಿದೆಯೇ, ಸಣ್ಣ ತೂತಿದೆಯೇ, ಏನೂ ಇಲ್ಲವೇ? ತೂತಿದ್ದರೆ ಅದಕ್ಕೆ ನಾಣ್ಯವಲ್ಲ, ನೇರ ಮಾಡಿದ ಪೇಪರ್ ಕ್ಲಿಪ್ಪಿನಂಥ ಕಡ್ಡಿ ಬೇಕು.

2. ಒಬ್ಬರು ಒಳಗಿದ್ದು ಬೀಗ ಹಾಕಲಿ, ನೀವು ಹೊರಗಿನಿಂದ ತೆರೆಯಿರಿ. ಎಷ್ಟೋ ವರ್ಷ ತಿರುಗಿಸದೆ ಬಿಟ್ಟದ್ದು ಬಣ್ಣ ಹಚ್ಚುವಾಗ ಮುಚ್ಚಿಹೋಗಿರಬಹುದು.

3. ಹೊಂದುವ ನಾಣ್ಯವನ್ನು ಬಾಗಿಲ ಚೌಕಟ್ಟಿನ ಮೇಲಂಚಿಗೆ, ಮಕ್ಕಳ ಕೈಗೆ ಸಿಗದಂತೆ, ಟೇಪಿನಿಂದ ಅಂಟಿಸಿ. ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ತೋರಿಸಿ.

4. ನಿಜವಾದ ಸಂದರ್ಭ ಬಂದಾಗ ಬಾಗಿಲನ್ನು ನಿಧಾನವಾಗಿ ತಳ್ಳಿ. ಬಿದ್ದವರು ಬಾಗಿಲಿಗೇ ಒರಗಿರಬಹುದು.

ಮೇಲೆ ಅಡ್ಡ ಚಿಲಕವೂ ಇದ್ದರೆ ಈ ಸೀಳಿನಿಂದ ಪ್ರಯೋಜನವಿಲ್ಲ, ಏಕೆಂದರೆ ಅದು ಹೊರಗಿನಿಂದ ತೆರೆಯದು. ವಯಸ್ಸಾದವರು ಅಥವಾ ಪುಟ್ಟ ಮಕ್ಕಳಿರುವ ಮನೆಯಲ್ಲಿ ಸ್ನಾನಗೃಹದ ಆ ಚಿಲಕ ತೆಗೆಸಿಬಿಡಿ.

ನಲ್ಲಿಯ ಜಾಲರಿ

ಏರೇಟರ್ ಎಂದರೆ ನಲ್ಲಿಯ ತುದಿಯಲ್ಲಿ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ. 2024ರ ಮಾರ್ಚಿನಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟುಗಳಂಥ ಕಡೆ ಇದನ್ನು ಕಡ್ಡಾಯ ಮಾಡಿತು. ಆಗ ಹಾಕಿಸಿ ಆಮೇಲೆ ಮುಟ್ಟದೇ ಬಿಟ್ಟ ಏರೇಟರುಗಳೇ ಈಗ ಸುಣ್ಣ ಕಟ್ಟಿ ನೀರು ನಿಲ್ಲಿಸುತ್ತಿವೆ. ಕಾವೇರಿ ನೀರಿಗಿಂತ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬರುವ ಮನೆಗಳಲ್ಲಿ ಇದು ಬೇಗ ಆಗುತ್ತದೆ.

ನಲ್ಲಿಯ ಬಾಯಿಯನ್ನು ಕೆಳಗಿನಿಂದ ನೋಡಿ. ಎದುರು ಬದುರಾಗಿ ಎರಡು ಕಚ್ಚುಗಳಿದ್ದು ಅವುಗಳ ನಡುವೆ ನಾಣ್ಯ ಅಡ್ಡ ಕೂರುವಂತಿದ್ದರೆ ಅದು ನಾಣ್ಯದ ಬಗೆ. ಸುತ್ತಲೂ ಹಲ್ಲುಹಲ್ಲಾಗಿದ್ದು ಒಳಗೆ ಹುದುಗಿದ್ದರೆ ಅದಕ್ಕೆ ಜೊತೆಯಲ್ಲಿ ಕೊಟ್ಟ ಪ್ಲಾಸ್ಟಿಕ್ ಕೀಲಿಯೇ ಬೇಕು. ಹೊರಗೆ ಲೋಹದ ಬಳೆಯಾಗಿ ಕಂಡರೆ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿ ನೋಡಿ.

1. ಸಿಂಕಿನ ತೂತಿಗೆ ಬಟ್ಟೆ ತುರುಕಿ. ಒಳಗಿನ ಪುಟ್ಟ ಭಾಗಗಳು ಜಾರಿ ಚರಂಡಿ ಸೇರುವುದು ಕ್ಷಣದ ಕೆಲಸ.

2. ನಲ್ಲಿ ನಿಲ್ಲಿಸಿ, ಹತ್ತು ರೂಪಾಯಿ ನಾಣ್ಯ ಅಡ್ಡ ಇಟ್ಟು ತಿರುಗಿಸಿ. ನೀವು ಕೆಳಗಿನಿಂದ ಮೇಲೆ ನೋಡುತ್ತಿದ್ದೀರಿ ಎಂಬುದು ನೆನಪಿರಲಿ. ಏರೇಟರಿನ ಮುಖ ನಿಮ್ಮತ್ತ ಇರುವಂತೆ ನೋಡಿದಾಗ ಅಪ್ರದಕ್ಷಿಣೆ ಯಾವುದೋ ಅದೇ ತೆರೆಯುವ ದಿಕ್ಕು. ಮೇಲಿನಿಂದ ನೋಡಿ ತಿರುಗಿಸಿದರೆ ಇನ್ನಷ್ಟು ಬಿಗಿಯುತ್ತೀರಿ.

3. ಬಿಚ್ಚುವಾಗ ಒಂದೊಂದೇ ಭಾಗವನ್ನು ಬಂದ ಕ್ರಮದಲ್ಲೇ ಸಾಲಾಗಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

4. ವಿನಿಗರ್ ಅಥವಾ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಬ್ರಷ್ಷಿನಿಂದ ತಿಕ್ಕಿ. ಆಸಿಡ್ ಹಾಕಬೇಡಿ, ಕ್ರೋಮ್ ಲೇಪನ ಸುಟ್ಟುಹೋಗುತ್ತದೆ.

5. ಏರೇಟರ್ ಇಲ್ಲದೆಯೇ ನಲ್ಲಿಯನ್ನು ಒಮ್ಮೆ ಬಿಟ್ಟು ಪೈಪಿನ ಮರಳು ಹೊರಹೋಗಲಿ. ಆಮೇಲೆ ಜೋಡಿಸಿ.

ಹೊಸದು ಕೊಳ್ಳುವುದಾದರೆ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಮರೆ ಹೊರಗಿರುವುದು ಸಾಮಾನ್ಯವಾಗಿ 24 ಮಿ.ಮೀ., ಒಳಗಿರುವುದು 22 ಮಿ.ಮೀ.; ಕಣ್ಣಳತೆಗೆ ಎರಡೂ ಒಂದೇ ಥರ ಕಾಣುತ್ತವೆ.

ವಾಷಿಂಗ್ ಮೆಷಿನ್ನಿನ ಕೆಳಬಾಗಿಲು

ಮುಂದಿನಿಂದ ಬಟ್ಟೆ ಹಾಕುವ ಮೆಷಿನ್ನುಗಳಲ್ಲಿ ಕೆಳಗಡೆ ಮೂಲೆಯಲ್ಲೊಂದು ಪುಟ್ಟ ಬಾಗಿಲಿರುತ್ತದೆ. ಅನೇಕ ಮಾದರಿಗಳಲ್ಲಿ ಅದರ ಅಂಚಿನ ಸೀಳಿಗೆ ನಾಣ್ಯವಿಟ್ಟು ತೆರೆಯಬೇಕು. ಒಳಗಿರುವುದು ನೀರು ಹೊರಹಾಕುವ ಪಂಪಿನ ಫಿಲ್ಟರ್. ಬ್ಲೌಸಿನ ಹುಕ್ಕು, ಗುಂಡಿ, ಜೇಬಿನಲ್ಲುಳಿದ ಚಿಲ್ಲರೆ ಎಲ್ಲ ಸೇರುವುದು ಇಲ್ಲಿಗೇ. ಪ್ಲಗ್ ತೆಗೆಯಿರಿ. ಬಿಸಿನೀರಿನಲ್ಲಿ ಒಗೆದಿದ್ದರೆ ತಣಿಯಲು ಬಿಡಿ. ಅಗಲ ತಟ್ಟೆ, ಹಳೆಯ ಟವಲ್ ಹಾಸಿ. ಪಕ್ಕದಲ್ಲಿ ಪುಟ್ಟ ರಬ್ಬರ್ ಕೊಳವೆ ಇದ್ದರೆ ಮೊದಲು ಅದರಿಂದ ನೀರು ಖಾಲಿ ಮಾಡಿ, ಆಮೇಲೆ ಫಿಲ್ಟರನ್ನು ಕೈಯಿಂದ ತಿರುಗಿಸಿ. ಈ ಕ್ರಮ ತಪ್ಪಿದರೆ ಒಳಗಿನ ನೀರೆಲ್ಲ ನೆಲದ ಮೇಲೆ.

ಬಿಲ್ಲೆ ಸೆಲ್ಲಿನ ಮುಚ್ಚಳ

ತೂಕದ ಯಂತ್ರ, ಸೈಕಲ್ಲಿನ ವೇಗಮಾಪಕ, ಎದೆಗೆ ಕಟ್ಟುವ ಹೃದಯಬಡಿತದ ಪಟ್ಟಿ, ಸ್ವಾಚ್‌ನ ಕೆಲವು ಕೈಗಡಿಯಾರಗಳು, ಇವುಗಳಲ್ಲೆಲ್ಲ ನಾಣ್ಯದ ಮುಚ್ಚಳ ಸಿಗುತ್ತದೆ. ಸೆಲ್ಲಿನ ಮೇಲಿನ ಸಂಖ್ಯೆಯೇ ಅದರ ಅಳತೆ: ಸಿಆರ್2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, ಸಿಆರ್2025 ಎಂದರೆ ಅಷ್ಟೇ ಅಗಲ, 2.5 ದಪ್ಪ. ಎರಡೂ 3 ವೋಲ್ಟ್. ಅಂಗಡಿಯವರು ‘ಇದೂ ಆಗುತ್ತೆ’ ಎಂದು ತೆಳುವಾದದ್ದು ಕೊಟ್ಟರೆ ಒಪ್ಪಬೇಡಿ, ಒಳಗೆ ಸಡಿಲವಾಗಿ ಸಂಪರ್ಕ ತಪ್ಪುತ್ತದೆ. ಹಳೆಯದು ಯಾವ ಮುಖ ಮೇಲಾಗಿತ್ತೋ ಹಾಗೆಯೇ ಹೊಸದನ್ನು ಕೂರಿಸಿ.

ಇನ್ನು ಎಚ್ಚರಿಕೆ. ಹೊಸ ಒಂದು ರೂಪಾಯಿ ಮತ್ತು ಸಿಆರ್2032 ಎರಡರ ಅಗಲವೂ 20 ಮಿ.ಮೀ. ಮಗುವಿನ ಕಣ್ಣಿಗೆ ಎರಡೂ ಒಂದೇ. ಆದರೆ ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಗಂಭೀರವಾಗಿ ಸುಡಬಲ್ಲದು, ಚಾರ್ಜು ಮುಗಿದ ಸೆಲ್ಲಾದರೂ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, 108ಕ್ಕೆ ಕರೆಮಾಡಿ. ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಅಂಟಿಸಿ ಇ-ತ್ಯಾಜ್ಯದ ಜೊತೆ ಕೊಡಿ. ಆಟಿಕೆಯ ಸೆಲ್ ಮುಚ್ಚಳದ ಸ್ಕ್ರೂ ಕಳೆದುಹೋಗಿದ್ದರೆ ಹೊಸದು ಹಾಕುವ ತನಕ ಆ ಆಟಿಕೆಯನ್ನು ಮಗುವಿಗೆ ಕೊಡಬೇಡಿ.

ಬ್ಯಾಟರಿಯ ಬಿರಡೆ: ಸೀಳು ನಾಣ್ಯದ್ದು, ಕೆಲಸಕ್ಕೆ ನಾಣ್ಯ ಬೇಡ

ಕಾರಿನ ಮತ್ತು ಕೆಲವು ಇನ್ವರ್ಟರ್ ಬ್ಯಾಟರಿಗಳ ಮೇಲೆ ಆರು ಬಿರಡೆಗಳಿರುತ್ತವೆ. ಆರು ಕೋಶ, ಒಂದೊಂದು 2 ವೋಲ್ಟಿನದು. ಬಿರಡೆಯ ಸೀಳು ನಾಣ್ಯಕ್ಕೆ ಸರಿಯಾಗಿಯೇ ಹೊಂದುತ್ತದೆ. ಆದರೆ ನಾಣ್ಯ ಲೋಹ. ಕೈಜಾರಿ ಟರ್ಮಿನಲ್ಲುಗಳ ಬಳಿ ಬಿದ್ದು ಶಾರ್ಟ್ ಆದರೆ ನೂರಾರು ಆಂಪಿಯರ್ ಕರೆಂಟು ಹರಿದು ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಆ ಕಿಡಿಯೊಂದೇ ಸಾಕು. ಇಲ್ಲಿ ದಪ್ಪ ಪ್ಲಾಸ್ಟಿಕ್ ಸ್ಕೇಲಿನ ತುದಿ ಬಳಸಿ.

1. ಲೇಬಲ್ ಓದಿ. ಮೊಹರು ಮಾಡಿದ್ದು, ನೀರು ಹಾಕಬೇಕಿಲ್ಲ ಎಂದಿದ್ದರೆ ತೆರೆಯಲೇಬೇಡಿ.

2. ಇನ್ವರ್ಟರಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಕಾರಾದರೆ ಎಂಜಿನ್ ನಿಲ್ಲಿಸಿ. ಕಿಟಕಿ ತೆರೆಯಿರಿ. ದೀಪ, ಊದುಬತ್ತಿ ಹತ್ತಿರ ಇರಬಾರದು.

3. ಉಂಗುರ, ಬಳೆ, ಸರ ತೆಗೆದಿಡಿ. ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಳ್ಳಿ. ಒಳಗಿರುವುದು ಗಂಧಕಾಮ್ಲ. ಮೈಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ತೊಳೆಯಿರಿ, ಕಣ್ಣಿಗಾದರೆ ತೊಳೆದು ನೇರ ವೈದ್ಯರ ಬಳಿ ಹೋಗಿ.

4. ಒದ್ದೆ ಬಟ್ಟೆಯಿಂದ ಮೇಲ್ಭಾಗ ಒರೆಸಿ, ಬಿರಡೆ ತೆರೆದಾಗ ಧೂಳು ಒಳಗೆ ಬೀಳಬಾರದು.

5. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಗುರುತಿನ ತನಕ ಮಾತ್ರ. ಮನೆಯ ಆರ್‌ಒ ಶುದ್ಧೀಕರಣದ ನೀರು ಡಿಸ್ಟಿಲ್ಡ್ ಅಲ್ಲ, ಅದರಲ್ಲಿ ಲವಣ ಉಳಿದಿರುತ್ತದೆ. ಆಸಿಡ್ ಎಂದೂ ಸೇರಿಸಬೇಡಿ. ಬ್ಯಾಟರಿ ಪೂರ್ತಿ ಚಾರ್ಜಾದ ಮೇಲೆ ನೀರು ಹಾಕುವುದು ಒಳ್ಳೆಯದು, ಚಾರ್ಜಾಗುವಾಗ ಮಟ್ಟ ಏರುತ್ತದೆ.

6. ಬಿರಡೆಯ ಗಾಳಿತೂತು ಮುಚ್ಚಿಲ್ಲವೇ ನೋಡಿ, ಕೈಬಿಗಿಯಾಗಿ ಮುಚ್ಚಿ.

ಕ್ಯಾಮೆರಾ ತಳದ ಪ್ಲೇಟು

ಲಾಲ್‌ಬಾಗಿಗೆ ಹಕ್ಕಿ ಫೋಟೊ ತೆಗೆಯಲು ಹೋಗುವವರಿಗೆ ಗೊತ್ತಿರುತ್ತದೆ: ಟ್ರೈಪಾಡ್ ಪ್ಲೇಟಿನ ಕಾಲು ಇಂಚಿನ ಸ್ಕ್ರೂಗೂ ನಾಣ್ಯವೇ. ಪ್ಲೇಟು ತಿರುಗದಷ್ಟು ಬಿಗಿದರೆ ಸಾಕು. ಹೊರಡುವ ಮುನ್ನ ಒಮ್ಮೆ ಕೈಯಲ್ಲಿ ತಿರುಚಿ ಪರೀಕ್ಷಿಸಿ.

ಮುಟ್ಟಬಾರದವು

ಬೈಕಿನ ಎಂಜಿನ್ ಪಕ್ಕದ ಕವರಿನ ಮೇಲೆ ಅಗಲ ಸೀಳಿನ ದುಂಡು ಮುಚ್ಚಳಗಳನ್ನು ನೋಡಿರುತ್ತೀರಿ. ನಾಣ್ಯ ಚೆನ್ನಾಗಿ ಹೊಂದುತ್ತದೆ, ತೆರೆಯುವ ಆಸೆಯೂ ಆಗುತ್ತದೆ. ಅವು ಮೆಕ್ಯಾನಿಕ್ಕಿಗೆ ಎಂಜಿನ್ನಿನ ಟೈಮಿಂಗ್ ನೋಡಲು ಇರುವ ಕಿಂಡಿಗಳು. ಮೆದು ಲೋಹದ ಸೀಳು ಸುಲಭವಾಗಿ ಕಿತ್ತುಹೋಗುತ್ತದೆ, ಆಯಿಲ್ ಸೋರಲು ಶುರುವಾಗುತ್ತದೆ. ಸ್ವಿಚ್‌ಬೋರ್ಡ್, ಗೀಸರಿನ ಮುಚ್ಚಳ, ಮೀಟರ್ ಪೆಟ್ಟಿಗೆ, ಗ್ಯಾಸ್ ಒಲೆಯ ಯಾವ ಸ್ಕ್ರೂಗೂ ನಾಣ್ಯ ಹಾಕಬೇಡಿ. ಕರೆಂಟಿರುವ ಕಡೆ ಬೆರಳಿಗೂ ಕರೆಂಟಿಗೂ ನಡುವೆ ಬರಿಯ ಲೋಹ ಉಳಿಯುತ್ತದೆ.

ನೀವೇ ಹಾಕಿಸುವುದಾದರೆ

ಆಗಾಗ ತೆರೆಯಬೇಕಾದ, ಆದರೆ ಗಾಳಿಗೋ ಕೈತಾಗಿಯೋ ತೆರೆದುಕೊಳ್ಳಬಾರದ ಕಡೆಗಳಿಗೆ ಈ ಸ್ಕ್ರೂ ಬಹಳ ಅನುಕೂಲ. ಸೊಳ್ಳೆ ಜಾಲರಿಯ ಚೌಕಟ್ಟನ್ನು ವರ್ಷಕ್ಕೆರಡು ಸಲ ತೆಗೆದು ತೊಳೆಯಬೇಕು. ಸ್ನಾನಗೃಹದ ಪೈಪುಗಳನ್ನು ಮುಚ್ಚಿದ ಹಲಗೆಯನ್ನು ಪ್ಲಂಬರ್ ಬಂದಾಗಲೆಲ್ಲ ಬಿಚ್ಚಬೇಕು. ಇಂಥಲ್ಲಿ ಮರದ ಸ್ಕ್ರೂ ಹಾಕಿದರೆ ನಾಲ್ಕೈದು ಸಲ ಬಿಚ್ಚಿ ಹಾಕುವಷ್ಟರಲ್ಲಿ ಪ್ಲೈವುಡ್ಡಿನ ತೂತು ಸಡಿಲವಾಗುತ್ತದೆ. ಬಡಗಿಗೆ ಹೇಳಿ ಹಲಗೆಯೊಳಗೆ ಹಿತ್ತಾಳೆಯ ಮರೆಕೊಳವೆ, ಅಂದರೆ ಒಳಗೆ ಮರೆ ಇರುವ ಪುಟ್ಟ ಕೊಳವೆ, ಕೂರಿಸಿಸಿ, ಅದಕ್ಕೆ ನಾಣ್ಯದ ಸೀಳಿರುವ ಮೆಷಿನ್ ಸ್ಕ್ರೂ ಹಾಕಿಸಿ. ತೇವದ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್‌ನದೇ ಕೇಳಿ.

ನೆಲದ ಸಂಪಿನ ಮುಚ್ಚಳಕ್ಕೆ, ಟೆರೇಸಿನ ಬಾಗಿಲಿಗೆ, ಔಷಧಿ ಮತ್ತು ಆಸಿಡ್ ಇಡುವ ಕಪಾಟಿಗೆ ಮಾತ್ರ ಇದನ್ನು ಹಾಕಿಸಬೇಡಿ. ದೊಡ್ಡವರು ನಾಣ್ಯ ತಿರುಗಿಸುವುದನ್ನು ನಾಲ್ಕು ಸಲ ನೋಡಿದ ಮಗು ಐದನೆಯ ಸಲ ತಾನೇ ತಿರುಗಿಸುತ್ತದೆ. ಅಲ್ಲಿಗೆಲ್ಲ ಬೀಗ ಹಾಕಿಸಿ, ಕೀಲಿಯನ್ನು ಎತ್ತರದ ಜಾಗದಲ್ಲಿಡಿ.